ಸೋಲಬೇಡ ಅಂತ ಹಾಡೋ ಊರಿನಲ್ಲಿ

ಕರೋಕೆ ಅನ್ನೋ ಪದ ಬಿಡಿಸಿದರೆ ನನಗೆ ಶಿವಮೊಗ್ಗದ ಗಣಪತಿ ಪೆಂಡಾಲು ನೆನಪಾಗುತ್ತೆ. ಜಪಾನೀ ಭಾಷೆಯಲ್ಲಿ 'ಕರ' ಅಂದರೆ ಖಾಲಿ. 'ಓಕೆ' ಅನ್ನೋದು 'ಓಕೆಸುತೊರ'ದ ತುಂಡು, ಅಂದರೆ ನಮ್ಮ ಆರ್ಕೆಸ್ಟ್ರಾ. ಖಾಲಿ ಆರ್ಕೆಸ್ಟ್ರಾ! ನಮ್ಮಲ್ಲಿ ಹಬ್ಬದ ರಾತ್ರಿ ಸ್ಟೇಜ್ ಮೇಲೆ ಕೀಬೋರ್ಡು, ಪ್ಯಾಡು, ಗಿಟಾರು ಎಲ್ಲ ಇರ್ತಾವೆ, ಹಾಡುವವರೂ ಇರ್ತಾರೆ, ನಾವು ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೇಳ್ತೀವಿ. ಇಲ್ಲಿ ಉಲ್ಟಾ. ವಾದ್ಯದವರು ಯಾರೂ ಇಲ್ಲ, ಕೇಳುವವರೂ ಹೆಚ್ಚಿಲ್ಲ, ಹಾಡುವವರು ನಾವೇ.

ಇದನ್ನು ಶುರು ಮಾಡಿದವರಲ್ಲಿ ಮುಖ್ಯ ಹೆಸರು ಇನೊಉಎ ದೈಸುಕೆ ಅವರದು. ಕೋಬೆ ಊರಿನ ಬಾರ್‌ಗಳಲ್ಲಿ ಗಿರಾಕಿಗಳು ಹಾಡುವಾಗ ಪಕ್ಕವಾದ್ಯ ನುಡಿಸುತ್ತಿದ್ದ ಮನುಷ್ಯ. ಒಬ್ಬ ಗಿರಾಕಿ ಪ್ರವಾಸಕ್ಕೆ ಜೊತೆಗೆ ಬನ್ನಿ ಅಂದಾಗ ಇವರಿಗೆ ಹೋಗಕ್ಕಾಗಲಿಲ್ಲ. ಆತನಿಗೆ ಒಗ್ಗುವ ಶ್ರುತಿಯಲ್ಲಿ ಬರೀ ವಾದ್ಯ ನುಡಿಸಿ ಟೇಪಿನಲ್ಲಿ ಮುದ್ರಿಸಿ ಕೊಟ್ಟು ಕಳಿಸಿದರು. ಅಲ್ಲಿಂದ ಹುಟ್ಟಿದ್ದು 1971ರ ಯಂತ್ರ. 100 ಯೆನ್ ನಾಣ್ಯ ಹಾಕಿದರೆ ಹಾಡು ಬರುತ್ತಿತ್ತು. ಮೊದಲು ಮಾಡಿಸಿದ್ದು ಹನ್ನೊಂದು ಯಂತ್ರ, ಬಾರ್‌ಗಳಿಗೆ ಬಾಡಿಗೆಗೆ. ಅದಕ್ಕೂ ಮುಂಚೆ, 1967ರಲ್ಲೇ, ಟೋಕಿಯೋದ ನೆಗಿಶಿ ಶಿಗೆಇಚಿ ಅನ್ನುವವರು ಇಂಥದ್ದೇ ಒಂದು ಪೆಟ್ಟಿಗೆ ಮಾಡಿದ್ದರು. ಇಬ್ಬರೂ ಪೇಟೆಂಟ್ ಮಾಡಿಸಲಿಲ್ಲ. ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವ ನನಗೆ ಇದನ್ನು ಓದಿ ಹೊಟ್ಟೆ ಉರಿದುಹೋಯಿತು. ಇನೊಉಎ ಅವರಿಗೆ 2004ರಲ್ಲಿ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಬಂತು, ಅದೇ ನಗಿಸಿ ಯೋಚಿಸುವಂತೆ ಮಾಡುವ ತಮಾಷೆಯ ಪ್ರಶಸ್ತಿ. ಕಾರಣ ಏನು ಗೊತ್ತಾ? ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳೋದಕ್ಕೆ ಹೊಸ ದಾರಿ ಹುಡುಕಿಕೊಟ್ಟಿದ್ದಕ್ಕೆ!

ನಾನು ಟೋಕಿಯೋಗೆ ಬಂದಿದ್ದು 2019ರಲ್ಲಿ, ಬೆಂಗಳೂರಿನ ಕೆಲಸ ಬಿಟ್ಟು. ಮನೆ ಸಿಕ್ಕಿದ್ದು ನಿಶಿಕಸಾಯಿಯಲ್ಲಿ. ಇಲ್ಲಿ ನಮ್ಮಂಥ ಐಟಿಯವರೇ ತುಂಬಿಕೊಂಡಿದ್ದಾರೆ. ಸ್ಟೇಷನ್ನಿನಿಂದ ಮನೆಗೆ ನಡೆಯುವಷ್ಟರಲ್ಲಿ ಹಿಂದಿ, ತೆಲುಗು, ತಮಿಳು ಕಿವಿಗೆ ಬೀಳುತ್ತೆ, ಅಪರೂಪಕ್ಕೆ ಕನ್ನಡವೂ. ಆಫೀಸಿನವರು ಮೊದಲ ಸಲ ಕರೋಕೆಗೆ ಕರೆದಾಗ ಸ್ಟೇಜು, ಮೈಕು, ನೂರು ಜನರ ಮುಂದೆ ಹಾಡೋದು ಅಂತೆಲ್ಲ ಅಂದುಕೊಂಡು ಹೊಟ್ಟೆನೋವಿನ ನೆಪ ಹುಡುಕುತ್ತಿದ್ದೆ. ಹೋಗಿ ನೋಡಿದರೆ ರೈಲಿನ ಕಂಪಾರ್ಟ್‌ಮೆಂಟಿನಷ್ಟು ಕೋಣೆ! ಇಂಥ ಕೋಣೆಗಳಿಗೆ ಕರೋಕೆ ಬಾಕ್ಸ್ ಅಂತಾರೆ. 1980ರ ದಶಕದ ಮಧ್ಯದಲ್ಲಿ ಒಕಾಯಾಮಾ ಕಡೆ ಸರಕು ಸಾಗಿಸುವ ಹಳೇ ಕಂಟೇನರನ್ನೇ ಕೋಣೆ ಮಾಡಿ ಶುರು ಮಾಡಿದ್ದಂತೆ, ಅದಕ್ಕೇ ಆ ಹೆಸರು. ಗೋಡೆಗೆ ಒತ್ತಿದ ಸೋಫಾ, ಟಿವಿ, ಎರಡು ಮೈಕು, ಹಾಡು ಹುಡುಕಲು ಒಂದು ಟ್ಯಾಬ್ಲೆಟ್. ಒಬ್ಬರಿಗೊಂದು ಡ್ರಿಂಕ್ ತಗೊಳ್ಳಲೇಬೇಕು. ನಾನು ಯಾವಾಗಲೂ ಮೆಲನ್ ಸೋಡಾ. ಸಮಯ ಮುಗಿಯುವ ಹತ್ತು ನಿಮಿಷ ಮುಂಚೆ ಗೋಡೆಯ ಫೋನ್ ಹೊಡೆದುಕೊಳ್ಳುತ್ತೆ. ಒಬ್ಬರೇ ಹೋಗೋದೂ ಇಲ್ಲಿ ಮಾಮೂಲಿ. ಅದಕ್ಕೆ 'ಹಿತೊಕರ' ಅಂತ ಬೇರೆ ಹೆಸರೇ ಇದೆ, ಯಾರೂ ತಿರುಗಿ ಸಹ ನೋಡಲ್ಲ.

ಈಗ ಕನ್ನಡದವರಿಗೆ ಖುಷಿ ಕೊಡುವ ವಿಷಯಕ್ಕೆ ಬರ್ತೀನಿ. ಜಪಾನೀ ಹಾಡು ಹೇಳೋದು ನಮಗೆ ಬಹಳ ಸುಲಭ. ಹೊಗಳಿಕೆಗೆ ಹೇಳ್ತಿಲ್ಲ, ಲೆಕ್ಕ ಇದೆ.

ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಲಘು, ಗುರು, ಮಾತ್ರೆ ಅಂತ ಪ್ರಸ್ತಾರ ಹಾಕಿಸಿದ್ದು ನೆನಪಿದೆಯಾ? ಹತ್ತನೇ ತರಗತಿಯಲ್ಲಿ ನಾಲ್ಕು ಅಂಕಕ್ಕೆ ಬಾಯಿಪಾಠ ಮಾಡಿ ಮರೆತಿದ್ದು. ಜಪಾನೀ ಭಾಷೆ ನಡೆಯೋದೇ ಆ ಮಾತ್ರೆಯ ಮೇಲೆ. 'ನಿಪ್ಪೊನ್' ಅನ್ನೋ ಪದಕ್ಕೆ ಅವರ ಲೆಕ್ಕದಲ್ಲಿ ನಾಲ್ಕು ಬಡಿತ: ನಿ, ಪ್, ಪೊ, ನ್. ನಮ್ಮ ಪ್ರಸ್ತಾರ ಹಾಕಿ ನೋಡಿ, ಎರಡು ಗುರು, ಅಲ್ಲೂ ನಾಲ್ಕೇ ಮಾತ್ರೆ. 'ತೋಕ್ಯೋ'ಗೂ ನಾಲ್ಕು. 'ಕರಒಕೆ' ನಾಲ್ಕು ಲಘು. ಹಾಡಿನಲ್ಲಿ ಸಾಮಾನ್ಯವಾಗಿ ಒಂದು ಬಡಿತಕ್ಕೆ ಒಂದು ಸ್ವರ ಕೂರಿಸಿರ್ತಾರೆ. ಒತ್ತಕ್ಷರದ ಅರೆಗಳಿಗೆಯ ತಡೆ, ಕೊನೆಯ ಸೊನ್ನೆ, ದೀರ್ಘದ ಎಳೆತ ಎಲ್ಲಕ್ಕೂ ಅವರದೇ ಜಾಗ ಇದೆ. ನಮ್ಮ ಟೀಮಿನ ಅಮೆರಿಕದ ಹುಡುಗ ಇಲ್ಲೇ ಪ್ರತಿ ಸಲ ಎಡವೋದು. ಅವನಿಗೆ ಹ್ರಸ್ವ ದೀರ್ಘ ಎರಡೂ ಒಂದೇ. ನಮಗೆ 'ಹಳ್ಳಿ' ಬೇರೆ 'ಹಾಳೆ' ಬೇರೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು. ನಮ್ಮ ಲಿಪಿಯಲ್ಲಿ ಎ, ಏ ಎರಡೂ ಇವೆ, ಒ, ಓ ಎರಡೂ ಇವೆ. ಹಿಂದಿಯಲ್ಲಿ ಬರೆಯುವ ನನ್ನ ಗೆಳತಿ 'ಕೆ'ಗೂ 'ಕೇ'ಗೂ ಒಂದೇ ಅಕ್ಷರ ಬರೆದು, ಹಾಡುವಾಗ ಎಲ್ಲಿ ಎಳೆಯಬೇಕು ಅಂತ ಒದ್ದಾಡ್ತಾಳೆ. ನನ್ನ ಪುಸ್ತಕದಲ್ಲಿ ಆ ಗೊಂದಲವೇ ಇಲ್ಲ. 'ತ್ಸು' ಬರೆಯೋದು ಮಾತ್ರ ಸ್ವಲ್ಪ ಕಸರತ್ತು. ಕೊನೆಗೊಂದು ಸ್ವರ ಅಂಟಿಸೋ ಚಟದಲ್ಲಂತೂ ನಾವು ಅಣ್ಣ ತಮ್ಮ. ನಾವು ಬಸ್ಸು ಅಂದರೆ ಅವರು 'ಬಸು' ಅಂತಾರೆ. ಪರದೆಯ ಮೇಲೆ ಚೀನೀ ಮೂಲದ ಕಾಂಜಿ ಅಕ್ಷರ ಕಂಡು ಹೆದರಬೇಡಿ, ಅದರ ನೆತ್ತಿಯ ಮೇಲೆ ಹಿರಗಾನದಲ್ಲಿ ಉಚ್ಚಾರಣೆ ಪುಟ್ಟದಾಗಿ ಬರೆದಿರುತ್ತೆ. ಹಿರಗಾನ ಕಲಿಯೋಕೆ ಎರಡು ವಾರ ಸಾಕು.

ಸರಿ, ಯಾವ ಹಾಡಿನಿಂದ ಶುರು ಮಾಡೋದು? ನನ್ನನ್ನು ಕೇಳಿದರೆ 'ಮಕೆನೈದೆ'. 'ಮಕೆರು' ಅಂದರೆ ಸೋಲು, 'ನೈದೆ' ಅಂದರೆ ಬೇಡ. ಸೋಲಬೇಡ. ನೋಡಿ, ಕ್ರಿಯಾಪದಕ್ಕೆ ಹಿಂದಿನಿಂದ ನಿಷೇಧ ಅಂಟಿಸೋದು ಕೂಡ ನಮ್ಮ ಹಾಗೇ. ಜಾರ್ಡ್ ಅನ್ನೋ ತಂಡದ್ದು, 1993ರ ಜನವರಿಯಲ್ಲಿ ಬಂತು. ಪದ ಬರೆದು ಹಾಡಿದ್ದು ಸಕಾಯಿ ಇಜುಮಿ, ರಾಗ ಒದಾ ತೆತ್ಸುರೋ. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಆಗ ಜಪಾನಿನ ಜಮೀನು, ಷೇರಿನ ಗುಳ್ಳೆ ಒಡೆದು ಜನ ಕಂಗಾಲಾಗಿದ್ದ ಕಾಲ. ಟಿವಿಯಲ್ಲಿ ಪ್ರತಿ ವರ್ಷ ನಡೆಯುವ 24 ಗಂಟೆಗಳ ಚಾರಿಟಿ ಕಾರ್ಯಕ್ರಮದಲ್ಲಿ ಓಟಗಾರರು ಕೊನೆಯ ಹಂತಕ್ಕೆ ಬಂದಾಗ ಎಲ್ಲರೂ ಸೇರಿ ಇದನ್ನು ಹಾಡ್ತಾರೆ. ಇಡೀ ಹಾಡು, ಓಡಿ ಸುಸ್ತಾದವರ ಪಕ್ಕ ನಿಂತು ಇನ್ನೇನು ಬಂತು ಅಂತ ಹೇಳೋ ಧಾಟಿಯಲ್ಲಿದೆ. ಬೋಧನೆ ಇಲ್ಲ. ಸಕಾಯಿ ಟಿವಿಯಲ್ಲಿ ಕಾಣಿಸಿಕೊಂಡಿದ್ದೇ ಕಡಿಮೆ, 2007ರಲ್ಲಿ ನಲವತ್ತನೇ ವಯಸ್ಸಿಗೆ ತೀರಿಕೊಂಡರು. ಹಾಡು ಹೊಸಬರಿಗೆ ಯಾಕೆ ಸುಲಭ ಅಂದರೆ, ಪಲ್ಲವಿಯಲ್ಲಿ ಪದಗಳು ಬಿಡಿ ಬಿಡಿ, ಉಸಿರು ತಗೊಳ್ಳೋಕೆ ಜಾಗ ಇದೆ. ಶ್ರುತಿ ಎತ್ತರ ಅನಿಸಿದರೆ ಟ್ಯಾಬ್ಲೆಟ್ಟಿನಲ್ಲಿ ಎರಡು ಮನೆ ಕೆಳಗಿಳಿಸಿ, ನಾಚಿಕೊಳ್ಳಬೇಡಿ.

ಸ್ವರಜ್ಞಾನವೇ ಇಲ್ಲ ಅನ್ನುವವರಿಗೆ 'ಲಿಂದಾ ಲಿಂದಾ'. ದಿ ಬ್ಲೂ ಹಾರ್ಟ್ಸ್ ತಂಡದ 1987ರ ಹಾಡು. ಮೊದಲು ಮೆಲ್ಲಗೆ, ಪ್ರಾರ್ಥನೆಯ ಹಾಗೆ ಶುರುವಾಗಿ ಇದ್ದಕ್ಕಿದ್ದಂತೆ ಸಿಡಿಯುತ್ತೆ. ಆಮೇಲೆ ಸೋಫಾ ಮೇಲೆ ನಿಂತು ಕುಣಿಯೋದಷ್ಟೇ ಕೆಲಸ. (ಚಪ್ಪಲಿ ಬಿಟ್ಟು ಹತ್ತಿ, ದಯವಿಟ್ಟು.) ಇದೇ ಹಾಡಿನ ಸುತ್ತ 2005ರಲ್ಲಿ 'ಲಿಂದಾ ಲಿಂದಾ ಲಿಂದಾ' ಅಂತ ಸಿನಿಮಾ ಬಂತು. ಶಾಲಾ ಹಬ್ಬಕ್ಕೆ ಮೂರು ದಿನ ಇರುವಾಗ ಹುಡುಗಿಯರ ಬ್ಯಾಂಡಿಗೆ ಹಾಡುವವಳಿಲ್ಲ. ಜಪಾನೀ ಸರಿಯಾಗಿ ಬಾರದ ಕೊರಿಯಾದ ವಿದ್ಯಾರ್ಥಿನಿಯನ್ನು ಹಿಡಿದು ಹಾಕ್ತಾರೆ. ಆಕೆ ಅಭ್ಯಾಸ ಮಾಡೋಕೆ ಒಬ್ಬಳೇ ಕರೋಕೆಗೆ ಹೋಗ್ತಾಳೆ, ಕೌಂಟರಿನವನು ಡ್ರಿಂಕ್ ತಗೊಳ್ಳಲೇಬೇಕು ಅಂತಾನೆ, ಇವಳು ನಂಗೆ ಬೇಡ ಅಂತಾಳೆ. ಆ ದೃಶ್ಯ ನೋಡಿ ನಾನು ಬಿದ್ದು ಬಿದ್ದು ನಕ್ಕೆ, ಯಾಕಂದರೆ ನನ್ನ ಮೊದಲ ಹಿತೊಕರದಲ್ಲಿ ಅದೇ ಸಂಭಾಷಣೆ ನಡೆದಿತ್ತು.

ಆಫೀಸಿನವರ ಜೊತೆ ಹೋದಾಗ ಕುಣಿಯೋ ಹಾಡು ಬೇಕು. ಮಾರ್ನಿಂಗ್ ಮುಸುಮೆ ತಂಡದ 'ಲವ್ ಮಷೀನ್' (1999) ಹಾಕಿದರೆ ನಲವತ್ತು ದಾಟಿದವರೆಲ್ಲ ಎದ್ದು ನಿಲ್ತಾರೆ. ಅವರಿಗದು ಕಾಲೇಜಿನ ದಿನಗಳ ಹಾಡು. 'ಕೊಯಿಸುರು ಫಾರ್ಚೂನ್ ಕುಕೀ' 2013ರದ್ದು, ಎಕೆಬಿ48 ತಂಡದ್ದು. ಇದರ ಹೆಜ್ಜೆ ಎಷ್ಟು ಸುಲಭ ಅಂದರೆ, ಕಂಪನಿಯವರು, ಸರ್ಕಾರಿ ಕಚೇರಿಯವರು ಎಲ್ಲ ತಾವೇ ಕುಣಿದು ವಿಡಿಯೋ ಹಾಕಿದ್ದರು. ಹಿಟ್ಟು ನಾದೋ ಹಾಗೆ ಕೈ ತಿರುಗಿಸಿದರೆ ಅರ್ಧ ಡಾನ್ಸ್ ಮುಗೀತು. ಉಲ್ಫುಲ್ಸ್ ತಂಡದ 'ಗತ್ಸು ದಜೆ' ಗಂಡಸರ ಹಾಡು ಅಂತಾರೆ. ನಾನು ಕೇಳಲ್ಲ, ಹಾಡ್ತೀನಿ. ಅದನ್ನು ಚೆನ್ನಾಗಿ ಹಾಡಿದರೆ ಕೆಟ್ಟದಾಗಿ ಕೇಳುತ್ತೆ, ಕಿರುಚಬೇಕು.

ಚೆನ್ನಾಗಿ ಹಾಡೋದು ಅಂದೆನಲ್ಲ, ಯಂತ್ರ ಅಂಕವನ್ನೂ ಕೊಡುತ್ತೆ. ಪರದೆ ಮೇಲೆ ಸ್ವರದ ಗೆರೆ ಓಡ್ತಿರುತ್ತೆ, ನೀವು ಅದರ ಮೇಲೇ ನಡೀಬೇಕು. ಅಮ್ಮನ ಒತ್ತಾಯಕ್ಕೆ ಸಂಗೀತದಲ್ಲಿ ಜೂನಿಯರ್ ಪರೀಕ್ಷೆವರೆಗೆ ಕಲಿತ ನನಗೆ ಎಲ್ಲಿ ಬೇಕಲ್ಲಿ ಗಮಕ ಬಂದುಬಿಡುತ್ತೆ. ಅದನ್ನು ಆ ಯಂತ್ರ 'ಕೊಬುಶಿ' ಅಂತ ಎಣಿಸುತ್ತೆ. ಎನ್ಕಾ ಅನ್ನೋ ಹಳೇ ಧಾಟಿಯ ಹಾಡಿನಲ್ಲಿ ದನಿ ಮುರಿಯುವ ರೀತಿಗೆ ಆ ಹೆಸರು. ಕೊಬುಶಿ ಎಣಿಕೆಯಲ್ಲಿ ನಾನು ಯಾವಾಗಲೂ ಮೊದಲು, ಒಟ್ಟು ಅಂಕದಲ್ಲಿ ಎಪ್ಪತ್ತು ದಾಟೋದು ಕಷ್ಟ.

ಅಂಕದ ಮಾತು ಬಂದಾಗಲೆಲ್ಲ ಸ್ಮ್ಯಾಪ್ ತಂಡದ 'ಸೆಕಾಯ್ ನಿ ಹಿತೊತ್ಸು ದಕೆ ನೊ ಹನ' ನೆನಪಿಗೆ ಬರುತ್ತೆ. ಜಗತ್ತಿನಲ್ಲಿ ಒಂದೇ ಒಂದು ಹೂವು ಅಂತ ಅರ್ಥ. ಬರೆದು ರಾಗ ಹಾಕಿದ್ದು ಮಕಿಹರ ನೊರಿಯುಕಿ. 2003ರಲ್ಲಿ ಬಂದು, ಮೂವತ್ತು ಲಕ್ಷ ದಾಟಿ ಮಾರಾಟವಾಗಿದೆ. ತಂಡ 2016ರ ಕೊನೆಗೆ ಒಡೆದಾಗ ಅಭಿಮಾನಿಗಳು ಇದೇ ಹಾಡಿನ ಸಿಡಿಯನ್ನು ಮತ್ತೆ ಮತ್ತೆ ಕೊಂಡು ಬೀಳ್ಕೊಟ್ಟರು. ಮೊದಲನೇ ಸ್ಥಾನಕ್ಕೆ ಬರದಿದ್ದರೂ ಪರವಾಗಿಲ್ಲ ಅನ್ನೋದು ಹಾಡಿನ ಸಾರ. ಸಿಇಟಿ ರ‍್ಯಾಂಕಿನ ಐದಂಕಿ ನಂಬರನ್ನು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬೆಳೆದವಳಿಗೆ ಇದು ಮೊದಮೊದಲು ಸ್ವಲ್ಪ ಸಿಹಿ ಜಾಸ್ತಿ ಅನ್ನಿಸಿತ್ತು. ಈಗಲೂ ಅನ್ಸುತ್ತೆ. ಆದರೆ ಕೋಣೆಯಲ್ಲಿ ಎಂಟು ಜನ ಒಟ್ಟಿಗೆ ಹಾಡೋಕೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ.

ಮಕ್ಕಳಿದ್ದರೆ 'ಅನ್‌ಪಾನ್‌ಮಾನ್' ಹಾಡು. ಅನ್‌ಪಾನ್ ಅಂದರೆ ಒಳಗೆ ಹೂರಣ ತುಂಬಿದ ಬನ್ನು. ಬೇಳೆಯ ಬದಲು ಅಜುಕಿ ಅನ್ನೋ ಕೆಂಪು ಕಾಳಿನ ಹೂರಣ, ಅಷ್ಟೇ ವ್ಯತ್ಯಾಸ. ಆ ಬನ್ನೇ ತಲೆಯಾಗಿರುವ ನಾಯಕ, ಹಸಿದವರಿಗೆ ತನ್ನ ಮುಖವನ್ನೇ ಮುರಿದು ಕೊಡ್ತಾನೆ. ಯುದ್ಧದಲ್ಲಿ ಸೈನಿಕನಾಗಿ ಹಸಿವು ಕಂಡು ಬಂದ ಯಾನಸೆ ತಕಾಶಿ ಅವನನ್ನು ಸೃಷ್ಟಿಸಿದರು. 1988ರಲ್ಲಿ ಶುರುವಾದ ಟಿವಿ ಸರಣಿಯ ಹಾಡಿನ ಪದಗಳೂ ಅವರವೇ. ಮಕ್ಕಳ ಹಾಡು ಅಂತ ಹಗುರವಾಗಿ ಶುರು ಮಾಡಿದರೆ, ನಾವು ಹುಟ್ಟಿದ್ದು ಯಾಕೆ ಅನ್ನುವಂಥ ಪ್ರಶ್ನೆ ಎದುರಿಗೆ ಬಂದು ಕೂರುತ್ತೆ. 2011ರ ಭೂಕಂಪ, ಸುನಾಮಿಯ ನಂತರ ರೇಡಿಯೋ ಕೇಂದ್ರಗಳಿಗೆ ಈ ಹಾಡು ಹಾಕಿ ಅಂತ ಕೋರಿಕೆ ಮೇಲೆ ಕೋರಿಕೆ ಬಂದಿತ್ತು. ಪಕ್ಕದ ಮನೆ ತೆಲುಗಿನವರ ನಾಲ್ಕು ವರ್ಷದ ಮಗಳು ಇದನ್ನು ನನಗಿಂತ ಚೆನ್ನಾಗಿ ಹಾಡ್ತಾಳೆ. ಅವಳ ಹತ್ತಿರ ಉಚ್ಚಾರಣೆ ತಿದ್ದಿಸಿಕೊಳ್ತೀನಿ.

ಹುರುಪಿನ ಹಾಡುಗಳ ಬಗ್ಗೆ ಬರೆಯೋಕೆ ಕೂತು ಒಂದು ಹಾಡನ್ನು ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಬಿಟ್ಟರೆ ಸುಳ್ಳಾಗುತ್ತೆ.

'ಉಎ ಒ ಮುಯಿತೆ ಅರುಕೋ', ಮೇಲೆ ನೋಡ್ತಾ ನಡೆಯೋಣ ಅಂತ. 1961ರ ಹಾಡು. ಪದ ಎಇ ರೊಕುಸುಕೆ, ಸಂಗೀತ ನಕಾಮುರ ಹಚಿದಾಯಿ, ಹಾಡಿದ್ದು ಸಕಾಮೊತೊ ಕ್ಯೂ. ಅಮೆರಿಕದ ಜೊತೆಗಿನ ಭದ್ರತಾ ಒಪ್ಪಂದದ ವಿರುದ್ಧ 1960ರಲ್ಲಿ ನಡೆದ ಚಳವಳಿ ಸೋತಾಗಿನ ಬೇಸರದಲ್ಲಿ ಹುಟ್ಟಿದ ಪದಗಳು ಅಂತ ಹೇಳ್ತಾರೆ. ಹೊರದೇಶದಲ್ಲಿ ಹೆಸರು ಹೇಳೋಕೆ ಕಷ್ಟ ಅಂತ 'ಸುಕಿಯಾಕಿ' ಅಂತ ಕರೆದರು. ಸುಕಿಯಾಕಿ ಅಂದರೆ ಒಂದು ಬಗೆಯ ಅಡುಗೆ! ಪಿ.ಬಿ. ಶ್ರೀನಿವಾಸರ ಒಂದು ದುಃಖದ ಹಾಡಿಗೆ 'ಬಿಸಿಬೇಳೆಬಾತ್' ಅಂತ ಹೆಸರಿಟ್ಟ ಹಾಗೆ. ಆದರೂ 1963ರ ಜೂನ್‌ನಲ್ಲಿ ಮೂರು ವಾರ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು, ಪೂರ್ತಿ ಜಪಾನೀ ಭಾಷೆಯಲ್ಲೇ. 1985ರ ಆಗಸ್ಟ್ 12ರಂದು ಟೋಕಿಯೋದಿಂದ ಒಸಾಕಾಗೆ ಹೊರಟ ವಿಮಾನ ಬೆಟ್ಟಕ್ಕೆ ಬಡಿದು 520 ಜನ ಸತ್ತರಲ್ಲ, ಅದರಲ್ಲಿ ಸಕಾಮೊತೊ ಕೂಡ ಇದ್ದರು. 43 ವರ್ಷ.

ರಾಗ ಕೇಳಿದರೆ ಸಂಜೆ ಹೊತ್ತು ಕೈ ಬೀಸಿಕೊಂಡು ವಾಕ್ ಹೋಗುವ ಹಾಗಿದೆ. ಅಳು ಕಾಣಬಾರದು ಅಂತ ತಲೆ ಎತ್ತಿ ನಡೆಯುವವನ ಹಾಡು ಅಂತ ಪದ ಗೊತ್ತಾಗುವವರೆಗೆ ತಿಳಿಯಲ್ಲ. ನಡುವೆ ಒಂದು ಕಡೆ ಪದವೇ ಇಲ್ಲ, ಬರೀ ಶಿಳ್ಳೆ.

2021ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಅಪ್ಪ ಕೊರೊನಾದಿಂದ ಹೋದರು. ಆಸ್ಪತ್ರೆಗೆ ಸೇರಿದ ಆರನೇ ದಿನ. ಆ ಹೊತ್ತಿಗೆ ಭಾರತದಿಂದ ಬರುವವರಿಗೆ ಜಪಾನ್ ಬಾಗಿಲು ಹಾಕುತ್ತಿತ್ತು, ಹೋದರೆ ವಾಪಸ್ ಯಾವಾಗ ಅಂತ ಯಾರಿಗೂ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಬಂದರೂ ನೋಡಕ್ಕೆ ಬಿಡಲ್ಲ ಕಣೇ, ಬರಬೇಡ ಅಂತ ಅಮ್ಮನೇ ಹೇಳಿದ್ದರು. ತಮ್ಮ ವಿಡಿಯೋ ಕಾಲ್ ಮಾಡಿದ. ಏನೂ ಸರಿಯಾಗಿ ಕಾಣಲಿಲ್ಲ. ಮಾರನೇ ದಿನ ಬೆಳಿಗ್ಗೆ ಒಂಬತ್ತೂವರೆಗೆ ನಾನು ಲಾಗಿನ್ ಆಗಿ ಟೀಮ್ ಮೀಟಿಂಗಿನಲ್ಲಿ ಕೂತಿದ್ದೆ. ಮತ್ತೇನು ಮಾಡಬೇಕು ಅಂತ ಗೊತ್ತಿರಲಿಲ್ಲ.

ಆ ವರ್ಷದ ಕೊನೆಗೆ ನಿರ್ಬಂಧ ಸಡಿಲವಾದಾಗ ನಮ್ಮ ಟೀಮಿನ ಐದು ಜನ ಕರೋಕೆಗೆ ಹೋದೆವು, ಮಾಸ್ಕ್ ಹಾಕಿಕೊಂಡೇ. ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಹಿರಿಯರೊಬ್ಬರಿದ್ದರು. ಅಪ್ಪನ ವಿಷಯ ತಿಳಿದಾಗ ಅವರು ಬಾಗಿ ನಮಸ್ಕರಿಸಿದ್ದು ಬಿಟ್ಟರೆ ಒಂದು ಮಾತೂ ಆಡಿರಲಿಲ್ಲ. ಅವರು ಅವತ್ತು ಹಾಡಿದ್ದು ಇದು. ಶಿಳ್ಳೆಯ ಜಾಗ ಬಂದಾಗ ಮಾಸ್ಕ್ ಕೆಳಗಿಳಿಸಿ, ಗೋಡೆ ಕಡೆ ತಿರುಗಿ ಶಿಳ್ಳೆ ಹಾಕಿದರು.

ನಮ್ಮಪ್ಪ ಶಿಳ್ಳೆ ಹಾಕೋರು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸ್ಕೂಟರ್ ತೊಳೆಯುವಾಗ ರಾಜ್‌ಕುಮಾರ್ ಹಾಡುಗಳನ್ನೆಲ್ಲ ಒಂದಾದ ಮೇಲೊಂದು. ಪದ ಒಂದೂ ಬರ್ತಿರಲಿಲ್ಲ ಅವರಿಗೆ. ಮನೆಯೊಳಗೆ ಶಿಳ್ಳೆ ಹಾಕಬಾರದು ಅಂತ ಅಮ್ಮ ಬೈಯೋರು, ಅದಕ್ಕೇ ಅಂಗಳ. ಆ ಏಳು ತಿಂಗಳಲ್ಲಿ ನಾನು ಅತ್ತಿರಲಿಲ್ಲ. ಆ ಕೋಣೆಯಲ್ಲಿ ಅತ್ತೆ. ಯಾರೂ ಏನೂ ಕೇಳಲಿಲ್ಲ. ಒಬ್ಬರು ಮೆಲನ್ ಸೋಡಾ ತುಂಬಿಸಿಕೊಂಡು ಬಂದು ಮುಂದೆ ಇಟ್ಟರು. ಮುಂದಿನ ಹಾಡು ಸಾಲಿನಲ್ಲಿ ನನ್ನದೇ ಇತ್ತು, 'ಮಕೆನೈದೆ'. ಯಾರೂ ಅದನ್ನು ತೆಗೆಯಲಿಲ್ಲ, ನನ್ನ ಬದಲು ಹಾಡಲೂ ಇಲ್ಲ. ಎರಡನೇ ಚರಣದಿಂದ ಹಾಡಿದೆ. ಅಂಕ ಐವತ್ತೆಂಟೋ ಏನೋ ಬಂತು.

ಹುರುಪು ಬರುವ ಹಾಡು ಬೇಕು ಅಂತ ಯಾರಾದರೂ ಕೇಳಿದರೆ ಈಗಲೂ ನಾನು ಮೊದಲು ಕುಣಿಯೋದನ್ನೇ ಹೇಳ್ತೀನಿ. ಆದರೆ ಮೂರನೆಯದೋ ನಾಲ್ಕನೆಯದೋ ಇದಿರಲಿ. ಶಿಳ್ಳೆ ಬರದಿದ್ದರೆ ಗುನುಗಿ, ಯಂತ್ರ ಆ ಭಾಗಕ್ಕೆ ಅಂಕ ಕಳೆಯಲ್ಲ.

ಹೋದ ವರ್ಷ ಏಪ್ರಿಲ್‌ನಲ್ಲಿ ಅಮ್ಮ ಬಂದಿದ್ದರು, ಒಂದು ತಿಂಗಳಿಗೆ. ಮೊದಲ ಸಲ ವಿಮಾನ ಹತ್ತಿದ್ದು. ಚೆರ್ರಿ ಹೂವು ಉದುರಿ ಮುಗಿದಿತ್ತು, ಹೊರಗೆ ಮಳೆ. ಹಗಲು ಹೊತ್ತು ಕೋಣೆ ಬಾಡಿಗೆ ಅಗ್ಗ, ಅದಕ್ಕೇ ಕರೆದುಕೊಂಡು ಹೋದೆ. ಕನ್ನಡ ಹಾಡು ಆ ಯಂತ್ರದಲ್ಲಿ ಸಿಗಲಿಲ್ಲ, ಫೋನಿನಲ್ಲಿ ಟ್ರ್ಯಾಕ್ ಹಾಕಿಕೊಂಡು ಅಮ್ಮ ಎರಡು ಭಾವಗೀತೆ ಹಾಡಿದರು. ಮೈಕನ್ನು ಗದ್ದದ ಕೆಳಗೆ ಇಟ್ಟುಕೊಂಡು, ಸ್ಕೂಲ್ ಡೇಲಿ ಹಾಡೋ ಹಾಗೆ ನೆಟ್ಟಗೆ ನಿಂತು. ಆಮೇಲೆ ನೀನ್ ಹಾಡು ಅಂದರು. ಹಾಡಿದೆ. ಅರ್ಥ ಹೇಳಲಿಲ್ಲ. ಶಿಳ್ಳೆಯ ಭಾಗ ಬಂದಾಗ ನನಗೆ ಬರದೆ ಗಾಳಿ ಮಾತ್ರ ಬಂತು. ಅಮ್ಮ ಟಿವಿಯನ್ನೇ ನೋಡ್ತಾ, "ನಿಮ್ಮಪ್ಪಂಗಾಗಿದ್ರೆ ಇದು ಒಂದೇ ಸಲಕ್ಕೆ ಬರ್ತಿತ್ತು" ಅಂದರು.

ಗೋಡೆಯ ಫೋನ್ ಹೊಡ್ಕೊಂತು.

"ಏನಂತೆ?"

"ಇನ್ನು ಹತ್ತು ನಿಮಿಷ ಅಷ್ಟೇ ಅಂತೆ ಅಮ್ಮ."

"ಇನ್ನರ್ಧ ಗಂಟೆ ಬೇಕು ಅಂತ ಹೇಳು. ಇನ್ನೊಂದ್ಸಲ ಹಾಕು ಅದನ್ನ."